ರಾತ್ರಿ ತಿಂದ ಗಮ್ಮಿ, ಬೆಳಗಿನ ಕಾರು

ಪ್ರಶ್ನೆ: ನಾವು ಕೆನಡಾದ ಮಿಸ್ಸಿಸಾಗಾದಲ್ಲಿದ್ದೇವೆ. ಅಪ್ಪನಿಗೆ 74 ವರ್ಷ. ಮೈಸೂರಿನಲ್ಲಿ ನಲವತ್ತು ವರ್ಷ ಕಾರು ಓಡಿಸಿದವರು. ಅಮ್ಮ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಬಂದು ನೆಲೆಸಿದರು, ಇಲ್ಲಿಯ ಲೈಸೆನ್ಸೂ ಮಾಡಿಸಿಕೊಂಡರು. ಮಕ್ಕಳನ್ನು ಶಾಲೆಗೆ ಬಿಡುವುದು ಅವರೇ. ಮಂಡಿನೋವು ಇದೆ, ನಿದ್ದೆ ಸರಿಯಿಲ್ಲ. ವಾಕಿಂಗ್ ಗೆಳೆಯರೊಬ್ಬರು ಹೇಳಿದರೆಂದು ಒಂದು ವರ್ಷದಿಂದ ಅಂಗಡಿಯಿಂದ ಗಾಂಜಾ ಗಮ್ಮಿ (ಗಾಂಜಾ ಸಾರ ಬೆರೆಸಿದ ಜಗಿಯುವ ಮಿಠಾಯಿ) ತಂದು ರಾತ್ರಿ ಮಲಗುವ ಮುಂಚೆ ತಿನ್ನುತ್ತಿದ್ದಾರೆ. ಕೇಳಿದರೆ, 'ಟೊರಾಂಟೊದಲ್ಲೇ ನನ್ನ ವಯಸ್ಸಿನವರ ಮೇಲೆ ಪರೀಕ್ಷೆ ಮಾಡಿದ್ದಾರೆ, ಮೂರು ಗಂಟೆ ಆದಮೇಲೆ ಏನೂ ಇರಲ್ಲ. ನಾನು ಒಂಬತ್ತು ಗಂಟೆ ಬಿಟ್ಟು ಓಡಿಸ್ತೀನಿ' ಅನ್ನುತ್ತಾರೆ. ಬಿಪಿಗೆ ಆಮ್ಲೊಡಿಪಿನ್, ಶುಗರ್‌ಗೆ ಗ್ಲಿಕ್ಲಜೈಡ್, ಕಾಲುರಿಗೆ ರಾತ್ರಿ ಪ್ರೀಗ್ಯಾಬಲಿನ್ ತೆಗೆದುಕೊಳ್ಳುತ್ತಾರೆ. ಹೋದ ತಿಂಗಳು ಗ್ಯಾರೇಜಿನಿಂದ ಹಿಂದಕ್ಕೆ ತೆಗೆಯುವಾಗ ಕಾರಿನ ಕನ್ನಡಿ ಕಿತ್ತುಹೋಯಿತು. ಓಡಿಸಬೇಡಿ ಅಂದರೆ ತುಂಬಾ ನೊಂದುಕೊಳ್ಳುತ್ತಾರೆ. ಏನು ಮಾಡಲಿ? ಡಿಸೆಂಬರಿನಲ್ಲಿ ಮೈಸೂರಿಗೆ ಹೋಗುವಾಗ ಗಮ್ಮಿ ಜೊತೆಗೆ ಒಯ್ಯಬಹುದೇ ಎಂದೂ ಕೇಳುತ್ತಿದ್ದಾರೆ.

ಉತ್ತರ: ಮೊದಲು ನಾಳೆ ಬೆಳಗಿನ ವಿಷಯ ಮುಗಿಸೋಣ. ನಿಮ್ಮ ತಂದೆಯವರು ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ರಾತ್ರಿಗೆ ಎಷ್ಟು ಸಲ ತಿನ್ನುತ್ತಾರೆ ಎಂಬುದು ಖಚಿತವಾಗಿ ಗೊತ್ತಾಗುವ ತನಕ ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ ಬೇರೆಯವರು ಮಾಡಲಿ. ಅವರು ಇನ್ನೆಂದೂ ಕಾರು ಮುಟ್ಟಬಾರದು ಎಂದು ನಾನು ಹೇಳುತ್ತಿಲ್ಲ. ಮಧ್ಯಾಹ್ನ ಮೂರಕ್ಕೆ ಮಕ್ಕಳನ್ನು ಕರೆತರುವುದು ಬೇರೆ ಲೆಕ್ಕ, ಅದಕ್ಕೆ ಆಮೇಲೆ ಬರುತ್ತೇನೆ.

'ಎಷ್ಟು ಸಲ' ಎಂದು ಕೇಳಿದ್ದಕ್ಕೆ ಕಾರಣವಿದೆ. ವಯಸ್ಸಾದವರನ್ನು ನೋಡುವ ವೈದ್ಯನಾಗಿ ಈ ಪ್ರಶ್ನೆಯನ್ನು ನಾನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಮಕ್ಕಳು 'ಒಂದೇ ಡಾಕ್ಟ್ರೇ' ಅನ್ನುತ್ತಾರೆ. ಅಪ್ಪ ಸುಮ್ಮನಿರುತ್ತಾರೆ. ಮಕ್ಕಳು ಹೊರಗೆ ಹೋದ ಮೇಲೆ ನಿಧಾನವಾಗಿ ಬಾಯಿ ಬಿಡುತ್ತಾರೆ: ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಎದ್ದಾಗ ನಿದ್ದೆ ಹಾರಿಹೋಗುತ್ತದೆ, ಆಗ ಇನ್ನರ್ಧ. ಮನೆಯವರಿಗೆ ಗೊತ್ತಿರುವುದು ಹತ್ತೂವರೆಯ ಗಮ್ಮಿ, ಬೆಳಿಗ್ಗೆ ಎಂಟಕ್ಕೆ ಸ್ಟೇರಿಂಗ್ ಹಿಡಿಯುವಾಗ ಮೈಯಲ್ಲಿರುವುದು ಎರಡು ಗಂಟೆಯದು. ಒಂಬತ್ತೂವರೆ ಗಂಟೆ ಅಂದುಕೊಂಡದ್ದು ನಿಜದಲ್ಲಿ ಆರೇ ಗಂಟೆ. ನಿಮ್ಮ ತಂದೆಯವರು ಹಾಗೆ ಮಾಡುತ್ತಾರೆಂದು ನನಗೆ ಗೊತ್ತಿಲ್ಲ. ಆದರೆ ಕೇಳದೆ ಮುಂದಿನ ಲೆಕ್ಕ ಯಾವುದೂ ಕೂಡಿಬರುವುದಿಲ್ಲ.

ಅವರು ಹೇಳುವ ಅಧ್ಯಯನ ನಿಜವಾದದ್ದೇ. ಟೊರಾಂಟೊದ ಸೆಂಟರ್ ಫಾರ್ ಅಡಿಕ್ಷನ್ ಅಂಡ್ ಮೆಂಟಲ್ ಹೆಲ್ತ್ ಸಂಸ್ಥೆಯವರು ಮಾಡಿದ್ದು, 2024ರ ಜನವರಿಯಲ್ಲಿ 'ಜಾಮಾ ನೆಟ್‌ವರ್ಕ್ ಓಪನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ ಇಂಥ ಪರೀಕ್ಷೆಗಳೆಲ್ಲ ಹೆಚ್ಚುಕಡಿಮೆ ಇಪ್ಪತ್ತು, ಮೂವತ್ತರ ಹುಡುಗರ ಮೇಲೇ ನಡೆಯುತ್ತಿದ್ದವು. ಆದ್ದರಿಂದ ನಿಮ್ಮ ತಂದೆಯವರು ತಮ್ಮ ವಯಸ್ಸಿನವರ ಅಧ್ಯಯನವನ್ನೇ ಹುಡುಕಿ ಓದಿದ್ದಾರೆಂದರೆ ಅವರನ್ನು ಮೆಚ್ಚಲೇಬೇಕು. 65ರಿಂದ 79 ವಯಸ್ಸಿನ 31 ಮಂದಿ ತಾವು ಸಾಮಾನ್ಯವಾಗಿ ಬಳಸುವ ಗಾಂಜಾವನ್ನು ಸೇದಿ, ಅರ್ಧ ಗಂಟೆ ಬಿಟ್ಟು ಒಮ್ಮೆ, ಮೂರು ಗಂಟೆ ಬಿಟ್ಟು ಇನ್ನೊಮ್ಮೆ ಸಿಮ್ಯುಲೇಟರಿನಲ್ಲಿ, ಅಂದರೆ ಪರದೆಯ ಮೇಲೆ ರಸ್ತೆ ತೋರಿಸುವ ನಕಲಿ ಕಾರಿನಲ್ಲಿ, ಓಡಿಸಿದರು. ಅರ್ಧ ಗಂಟೆಗೆ ಕಾರು ಲೇನಿನೊಳಗೆ ಅತ್ತಿತ್ತ ಓಲಾಡುವುದು ಹೆಚ್ಚಾಯಿತು, ವೇಗ ಕಡಿಮೆಯಾಯಿತು. ಮೂರು ಗಂಟೆಯ ಹೊತ್ತಿಗೆ ಆ ವ್ಯತ್ಯಾಸ ಕಾಣಲಿಲ್ಲ. ಅವರು ಓದಿದ್ದು ಇಷ್ಟು, ಓದಿದ್ದು ಸರಿಯಾಗಿಯೇ ಇದೆ.

ಆದರೆ ಆ ಮೂವತ್ತೊಂದು ಜನ ಸೇದಿದವರು. ನಿಮ್ಮ ತಂದೆಯವರು ತಿನ್ನುವವರು. ಇಡೀ ಪ್ರಶ್ನೆ ತಿರುಗುವುದು ಇಲ್ಲೇ.

ಸೇದಿದಾಗ ಗಾಂಜಾದ ಅಮಲಿನ ಅಂಶ ಟಿಎಚ್‌ಸಿ ಶ್ವಾಸಕೋಶದಿಂದ ನೇರ ರಕ್ತಕ್ಕೆ ಹೋಗುತ್ತದೆ. ಕೆಲವೇ ನಿಮಿಷದಲ್ಲಿ ರಕ್ತದಲ್ಲಿ ಏರಿ, ಅಷ್ಟೇ ಬೇಗ ಇಳಿಯಲು ಶುರುವಾಗುತ್ತದೆ. ತಿಂದದ್ದು ಹಾಗಲ್ಲ. ಹೊಟ್ಟೆ, ಕರುಳು ದಾಟಿ ಮೊದಲು ಪಿತ್ತಜನಕಾಂಗಕ್ಕೆ ಹೋಗುತ್ತದೆ. ಅಲ್ಲಿ ಅದರ ಒಂದು ಪಾಲು 11-ಹೈಡ್ರಾಕ್ಸಿ-ಟಿಎಚ್‌ಸಿ ಎಂಬ ಇನ್ನೊಂದು ರೂಪ ತಾಳುತ್ತದೆ, ಇದೂ ಮಿದುಳಿಗೆ ಚೆನ್ನಾಗಿಯೇ ಹತ್ತುವಂಥದ್ದು. ತಿಂದ ಮೇಲೆ ಪರಿಣಾಮ ಗೊತ್ತಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ತುತ್ತತುದಿ ಮುಟ್ಟಲು ನಾಲ್ಕು ಗಂಟೆಯೂ ಆಗಬಹುದು. ಅಮಲು ಹನ್ನೆರಡು ಗಂಟೆಯವರೆಗೂ, ಅದರ ಉಳಿಕೆಯ ಮಂಪರು ಇಪ್ಪತ್ತನಾಲ್ಕು ಗಂಟೆಯವರೆಗೂ ಇರಬಹುದು ಎಂಬುದು ಕೆನಡಾದ ಆರೋಗ್ಯ ಇಲಾಖೆಯೇ ಗ್ರಾಹಕರಿಗೆ ಹೇಳುವ ಮಾತು. ಎಲ್ಲರಿಗೂ ಅಷ್ಟು ಹೊತ್ತು ಇರುತ್ತದೆ ಎಂದಲ್ಲ, ಇರಬಹುದು ಎಂದು. ರಾತ್ರಿ ಹತ್ತೂವರೆಗೆ ತಿಂದರೆ ಹನ್ನೆರಡು ಗಂಟೆ ಮುಗಿಯುವುದು ಬೆಳಿಗ್ಗೆ ಹತ್ತೂವರೆಗೆ. ಶಾಲೆಯ ಗಂಟೆ ಅಷ್ಟು ಹೊತ್ತು ಕಾಯುವುದಿಲ್ಲ.

ಈ ನಿಧಾನದ ಗುಣ ನಮ್ಮ ಕಡೆಯವರಿಗೆ ಹೊಸದೇನಲ್ಲ. ಹೋಳಿಯ ದಿನ ಭಂಗಿ ಕುಡಿದವರ ಕತೆ ಒಂದಾದರೂ ಎಲ್ಲರ ಬಳಿ ಇರುತ್ತದೆ. ಮೊದಲ ಲೋಟ ಕುಡಿದು ಮುಕ್ಕಾಲು ಗಂಟೆ ಕಾದು, 'ಇದರಲ್ಲಿ ಏನೂ ಇಲ್ಲ ಬಿಡೋ' ಎಂದು ಎರಡನೇ ಲೋಟ ಏರಿಸಿ, ಆಮೇಲೆ ಎರಡೂ ಒಟ್ಟಿಗೇ ತಲೆಗೇರಿ ಮಾರನೇ ಮಧ್ಯಾಹ್ನದವರೆಗೆ ಮಲಗಿದವನ ಕತೆ. ಗಮ್ಮಿ ಅಂದರೆ ಅದೇ ಭಂಗಿ, ಮಿಠಾಯಿಯ ಅಚ್ಚಿನಲ್ಲಿ. (ಮಕ್ಕಳಿಗೆ ಆಕರ್ಷಕವಾಗುವ ಆಕಾರ ಇಲ್ಲಿ ಕಾನೂನಿಗೆ ವಿರುದ್ಧ. ಹಾಗಿದ್ದರೂ ಮೊಮ್ಮಕ್ಕಳಿರುವ ಮನೆಯಲ್ಲಿ ಆ ಡಬ್ಬಿ ಬೀಗದೊಳಗೇ ಇರಬೇಕು. ಇದು ಪ್ರಶ್ನೆಯಲ್ಲಿ ಇರಲಿಲ್ಲ, ಆದರೂ ಹೇಳದೆ ಬಿಡಲಾರೆ.) ಗಾಂಜಾ ಕೆನಡಾದಲ್ಲಿ ಕಾನೂನುಬದ್ಧವಾದದ್ದು 2018ರ ಅಕ್ಟೋಬರ್ 17ರಂದು. ತಿನ್ನುವ ಪದಾರ್ಥಗಳಿಗೆ ಅನುಮತಿ ಸಿಕ್ಕಿದ್ದು ಅದಾದ ಒಂದು ವರ್ಷಕ್ಕೆ. ಗಾಂಜಾ ಮೈಗೆ ವಿಷವಾಗಿ ನಿಮ್ಮ ಒಂಟಾರಿಯೊ ಪ್ರಾಂತ್ಯದ ಎಮರ್ಜೆನ್ಸಿಗೆ ಬಂದ 65 ದಾಟಿದವರ ಲೆಕ್ಕವನ್ನು ವೈದ್ಯರು ತೆಗೆದು ನೋಡಿದಾಗ, ತಿನ್ನುವ ಗಾಂಜಾ ಅಂಗಡಿಗೆ ಬಂದ ನಂತರದ ದರ ಕಾನೂನು ಬರುವ ಮುಂಚಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚಾಗಿತ್ತು. ಅವರಲ್ಲಿ ಎಷ್ಟೋ ಮಂದಿ ನಿಮ್ಮ ತಂದೆಯವರಂಥವರೇ ಇದ್ದಿರಬೇಕು. ಮೋಜಿಗೆ ಹೋದವರಲ್ಲ, ನಿದ್ದೆಗೆ, ನೋವಿಗೆ ಹೋದವರು.

ಇನ್ನು 'ಒಂದು ಗಮ್ಮಿ' ಎಂಬ ಅಳತೆ. ಕೆನಡಾದ ನಿಯಮದಂತೆ ಒಂದು ಪ್ಯಾಕೆಟ್ಟಿನಲ್ಲಿ ಒಟ್ಟು 10 ಮಿಲಿಗ್ರಾಂ ಟಿಎಚ್‌ಸಿ ಮಾತ್ರ ಇರಬಹುದು. ಆ ಹತ್ತು ಒಂದೇ ಗಮ್ಮಿಯಲ್ಲೂ ಇರಬಹುದು, ಎರಡೆರಡರಂತೆ ಐದರಲ್ಲೂ ಹಂಚಿರಬಹುದು. ಅಭ್ಯಾಸವಿಲ್ಲದವರು ಎರಡೂವರೆ ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರುಮಾಡಿ ಎನ್ನುವುದು ಇಲ್ಲಿಯ ಸಲಹೆ. ಹಾಗಾಗಿ ನಾಲ್ಕು ಪಟ್ಟು ಡೋಸನ್ನೂ ಮನೆಯವರು 'ಒಂದೇ ಗಮ್ಮಿ' ಎಂದೇ ಕರೆಯುತ್ತಿರಬಹುದು. ಗಡಿಯಾಚೆ ಕ್ಯಾಲಿಫೋರ್ನಿಯಾದಂಥ ಕಡೆ ಪ್ಯಾಕೆಟ್ಟಿಗೆ 100 ಮಿಲಿಗ್ರಾಂ ಇರುತ್ತದೆ. ಲೈಸೆನ್ಸ್ ಇಲ್ಲದ ಆನ್‌ಲೈನ್ ಅಂಗಡಿಗಳ ಮಾಲಿಗಂತೂ ಲೇಬಲ್ಲನ್ನೇ ನಂಬುವಂತಿಲ್ಲ. ಇವತ್ತೇ ಡಬ್ಬಿ ತೆಗೆದು ನೋಡಿ. ಸರಕಾರದ ಒಂಟಾರಿಯೊ ಕ್ಯಾನಬಿಸ್ ಸ್ಟೋರಿನದೋ ಪರವಾನಗಿ ಇರುವ ಅಂಗಡಿಯದೋ ಆದರೆ ಅಬಕಾರಿ ಮುದ್ರೆ ಇರುತ್ತದೆ, ಟಿಎಚ್‌ಸಿ, ಸಿಬಿಡಿ (ಗಾಂಜಾದ ಅಮಲು ತರದ ಇನ್ನೊಂದು ಅಂಶ) ಎಷ್ಟೆಷ್ಟು ಎಂದು ಬರೆದಿರುತ್ತದೆ.

ವಯಸ್ಸಿನ ಮಾತಿಗೆ ಬರುತ್ತೇನೆ. ಎಪ್ಪತ್ತನಾಲ್ಕರ ದೇಹದಲ್ಲಿ ಸ್ನಾಯು ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚಿರುತ್ತದೆ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ಅಲ್ಲಿ ಹೋಗಿ ಕೂರುತ್ತದೆ, ನಿಧಾನವಾಗಿ ಹೊರಬರುತ್ತದೆ. ಪಿತ್ತಜನಕಾಂಗಕ್ಕೆ ಹೋಗುವ ರಕ್ತವೂ ಯೌವನದಷ್ಟು ಇರುವುದಿಲ್ಲ. ಹೀಗಾಗಿ ದಿನಾ ರಾತ್ರಿ ತಿನ್ನುವವರಲ್ಲಿ ನಿನ್ನೆಯದು ಪೂರ್ತಿ ಹೋಗುವ ಮುಂಚೆ ಇವತ್ತಿನದು ಬಂದು ಸೇರುತ್ತದೆ.

ಆದರೂ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಗಮ್ಮಿಗಿಂತ ಅದರ ಜೊತೆಗಾರರು. ಪ್ರೀಗ್ಯಾಬಲಿನ್ ತಾನೊಂದೇ ತಲೆಸುತ್ತು, ಮಂಪರು ತರಬಲ್ಲದು. ಅದು ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕ. ಬಹುಕಾಲದ ಸಕ್ಕರೆ ಕಾಯಿಲೆಯವರ ಮೂತ್ರಪಿಂಡ ಸ್ವಲ್ಪ ಸೋತಿರುವುದು ಸಾಮಾನ್ಯ, ಹಾಗಾದಾಗ ಅದರ ಡೋಸೇ ಹೆಚ್ಚಾಗಿಬಿಡುತ್ತದೆ. ಅದಕ್ಕೆ ಟಿಎಚ್‌ಸಿ ಸೇರಿದರೆ ಮಂಪರಿಗೆ ಮಂಪರು ಕೂಡುತ್ತದೆ. ಆಮ್ಲೊಡಿಪಿನ್ ರಕ್ತದೊತ್ತಡ ಇಳಿಸುತ್ತದೆ. ಟಿಎಚ್‌ಸಿ ಕೂಡ ಎದ್ದು ನಿಂತಾಗ ಒತ್ತಡ ಕುಸಿಯುವಂತೆ ಮಾಡಬಲ್ಲದು. ರಾತ್ರಿ ಎರಡು ಗಂಟೆಯ ಬಾತ್‌ರೂಮ್ ನಡಿಗೆಯಲ್ಲಿ ಸೊಂಟದ ಮೂಳೆ ಮುರಿಯುವುದು ಹೀಗೆ. ಗ್ಲಿಕ್ಲಜೈಡ್‌ನಿಂದ ಸಕ್ಕರೆ ಕುಸಿದರೆ ಎದೆ ಬಡಿತ, ನಡುಕ, ಗಲಿಬಿಲಿ. ಗಾಂಜಾ ಸ್ವಲ್ಪ ಹೆಚ್ಚಾದರೂ ಎದೆ ಬಡಿತ, ಗಲಿಬಿಲಿ. ಯಾವುದು ಯಾವುದೆಂದು ಕಾರಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ. ನೀವು ಬರೆಯದೇ ಇರುವ ಇನ್ನೆರಡನ್ನೂ ಕೇಳಿ ನೋಡಿ. ಶೀತಕ್ಕೋ ನಿದ್ದೆಗೋ ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತರುವ, ಮಂಪರು ಹಿಡಿಸುವ ಡೈಫೆನ್‌ಹೈಡ್ರಮೀನ್ ಮಾತ್ರೆ ಉಂಟೇ? ಸಂಜೆ ಒಂದು ಪೆಗ್ ಉಂಟೇ? ಮದ್ಯ ಮತ್ತು ಗಾಂಜಾ ಎರಡೂ ಸೇರಿದರೆ ಚಾಲನೆ ಕೆಡುವುದು ಒಂದೊಂದರಿಂದ ಕೆಡುವುದಕ್ಕಿಂತ ಹೆಚ್ಚು ಎಂಬುದು ಹಳೆಯ, ಗಟ್ಟಿಯಾದ ತಿಳಿವಳಿಕೆ. ಕಾನೂನೂ ಅದನ್ನು ಒಪ್ಪಿ, ಎರಡೂ ಸೇರಿದ್ದಾಗಿನ ಮಿತಿಯನ್ನು ಬೇರೆಯಾಗಿಯೇ ಇಟ್ಟಿದೆ.

'ನನಗೇನೂ ಅನ್ನಿಸುವುದೇ ಇಲ್ಲ' ಎಂದು ಅವರು ಹೇಳಬಹುದು. ಸುಳ್ಳು ಹೇಳುತ್ತಿರುವುದಿಲ್ಲ. ಅನ್ನಿಸುವುದಕ್ಕೂ ಆಗುವುದಕ್ಕೂ ನಡುವೆ ಅಂತರವಿದೆ. 2022ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 191 ಮಂದಿ ರೂಢಿಯ ಬಳಕೆದಾರರಲ್ಲಿ ಹೆಚ್ಚಿನವರಿಗೆ ಗಾಂಜಾ, ಉಳಿದವರಿಗೆ ಅಮಲಿಲ್ಲದ ಸಿಗರೇಟು ಸೇದಿಸಿ ಸಿಮ್ಯುಲೇಟರಿನಲ್ಲಿ ಕೂರಿಸಿದರು. ಒಂದೂವರೆ ಗಂಟೆ ಆಗುವಷ್ಟರಲ್ಲಿ ಗಾಂಜಾ ಸೇದಿದವರಲ್ಲಿ ಬಹಳ ಜನ 'ಈಗ ಓಡಿಸಬಲ್ಲೆ' ಎನ್ನಲು ಶುರುಮಾಡಿದ್ದರು, ಚಾಲನೆ ಮಾತ್ರ ಇನ್ನೂ ಸುಧಾರಿಸಿರಲಿಲ್ಲ. ನಾಲ್ಕೂವರೆ ಗಂಟೆಯ ಹೊತ್ತಿಗೆ ಅಮಲಿಲ್ಲದ ಸಿಗರೇಟು ಸೇದಿದವರಿಗೂ ಇವರಿಗೂ ವ್ಯತ್ಯಾಸ ಹೋಯಿತು. ಧೈರ್ಯ ಮೊದಲು ವಾಪಸು ಬರುತ್ತದೆ, ಕೈಚಳಕ ಆಮೇಲೆ. ಗಾಂಜಾ ಪರ ವಾದಿಸುವವರು ಹೇಳುವ ಒಂದು ಮಾತಿನಲ್ಲಿ ನಿಜವೂ ಇದೆ: ಕುಡಿದವನು ವೇಗ ಹೆಚ್ಚಿಸುತ್ತಾನೆ, ಗಾಂಜಾ ತೆಗೆದುಕೊಂಡವನು ತನಗೆ ಏರಿದೆ ಎಂದು ತಿಳಿದು ನಿಧಾನ ಮಾಡುತ್ತಾನೆ. ಟೊರಾಂಟೊದ ಹಿರಿಯರೂ ನಿಧಾನ ಮಾಡಿದರು. ಆದರೆ ನಿಧಾನ ಮಾಡಿಯೂ ಲೇನಿನೊಳಗೆ ಓಲಾಡಿದರು. ನಿಧಾನದಿಂದ ಸರಿಹೋಗುವುದು ನಿರೀಕ್ಷಿಸಿದ ಅಪಾಯ. ಪಾರ್ಕ್ ಮಾಡಿದ ಕಾರಿನ ಹಿಂದಿನಿಂದ ಚೆಂಡಿನ ಹಿಂದೆ ಓಡಿಬರುವ ಹುಡುಗನಿಗೆ ಅದು ಸಾಲದು.

ಮೈಸೂರಿನಲ್ಲಿ ನಲವತ್ತು ವರ್ಷ ಎಂದು ಬರೆದಿದ್ದೀರಿ. ಅದು ಅನುಭವ ಹೌದು. ಅದರೊಳಗೆ ಒಂದು ತೊಡಕೂ ಇದೆ. ವಯಸ್ಸಾದ ಚಾಲಕರ ಅಪಘಾತಗಳಲ್ಲಿ ಉತ್ತರ ಅಮೆರಿಕದಲ್ಲಿ ಮತ್ತೆ ಮತ್ತೆ ಎದ್ದು ಕಾಣುವುದು ಸಿಗ್ನಲ್ಲಿನಲ್ಲಿ ಎಡಕ್ಕೆ ತಿರುಗುವಾಗಿನ ಡಿಕ್ಕಿ. ಇಲ್ಲಿ ಎಡ ತಿರುವೆಂದರೆ ನಮ್ಮೂರಲ್ಲಿ ಬಲಕ್ಕೆ ತಿರುಗಿದ ಹಾಗೆ: ಚೌಕದ ನಡುವೆ ಹೋಗಿ ನಿಲ್ಲಬೇಕು, ಎದುರಿನಿಂದ ಬರುವ ಕಾರು ಎಷ್ಟು ದೂರ, ಎಷ್ಟು ವೇಗ ಎಂದು ಅಂದಾಜಿಸಬೇಕು, ಅದೇ ಕ್ಷಣಕ್ಕೆ ಅಡ್ಡರಸ್ತೆ ದಾಟುವ ಜನರನ್ನೂ ನೋಡಬೇಕು. ಒಂದೇ ಹೊತ್ತಿಗೆ ಮೂರು ಕಡೆ ಗಮನ. ಟಿಎಚ್‌ಸಿ ಮೊದಲು ಕೈಹಾಕುವುದು ಈ ಹಂಚಿದ ಗಮನದ ಮೇಲೇ. ಅದರ ಜೊತೆಗೆ, ಎಡಗಡೆಯೇ ಓಡಿಸಿ ಕೈಗೆ ಕೂತ ಅಭ್ಯಾಸ ಗಮನ ಸಡಿಲಾದಾಗ ಹಿಂದಿರುಗಿ ಬರುತ್ತದೆ ಎಂಬುದು ನನ್ನ ಅನಿಸಿಕೆ. ಖಾಲಿ ರಸ್ತೆಗೆ ತಿರುಗುವಾಗ ಒಂದು ಕ್ಷಣ ತಪ್ಪು ಬದಿಗೆ ಹೋಗಿ ತಿದ್ದಿಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ, ಅವರು ಗಮ್ಮಿ ತಿಂದವರೂ ಅಲ್ಲ. ಬೆಳಗಿನ ಶಾಲೆಯ ಹಾದಿಯಲ್ಲಿ ಇದೆಲ್ಲಕ್ಕೂ ಜೊತೆಗೆ ಕೆಂಪು ದೀಪ ಮಿನುಗಿಸಿ ನಿಂತ ಹಳದಿ ಬಸ್ಸು, ಫಲಕ ಹಿಡಿದು ಮಕ್ಕಳನ್ನು ದಾಟಿಸುವವರು, ಚಳಿಗಾಲದ ಬೆಳಗಿನ ಮಂದ ಬೆಳಕು, ರಸ್ತೆಗೆ ಅಂಟಿದ ಕಾಣದ ಹಿಮ.

ಗ್ಯಾರೇಜಿನಲ್ಲಿ ಕಿತ್ತುಹೋದ ಕನ್ನಡಿ ಗಮ್ಮಿಯದೇ ಕೆಲಸ ಎಂದು ತೀರ್ಮಾನಿಸಬೇಡಿ. ಕತ್ತು ಹೊರಳದಿರುವುದು, ಕಣ್ಣಿನ ಪೊರೆ, ಪ್ರೀಗ್ಯಾಬಲಿನ್, ಮರೆವಿನ ಶುರು, ಇಲ್ಲವೇ ಬರೀ ಆ ದಿನದ ಅವಸರ, ಏನೂ ಆಗಿರಬಹುದು. ಆದರೆ ಅದನ್ನು ಒಂದು ಚೀಟಿಯಲ್ಲಿ ತಾರೀಖು ಹಾಕಿ ಬರೆದಿಡಿ. ಆರು ತಿಂಗಳಲ್ಲಿ ಎರಡನೆಯದು, ಮೂರನೆಯದು ಬಂದರೆ ಗಮ್ಮಿ ಬಿಡಿಸಿದರೂ ಸಾಲದು, ಚಾಲನೆಯ ಪೂರ್ಣ ಪರೀಕ್ಷೆಯೇ ಬೇಕಾಗುತ್ತದೆ. ಆಕ್ಯುಪೇಶನಲ್ ಥೆರಪಿಸ್ಟರು (ದಿನನಿತ್ಯದ ಕೆಲಸ ಮಾಡುವ ಸಾಮರ್ಥ್ಯವನ್ನು ಅಳೆಯುವ ತಜ್ಞರು) ಕಾರಿನಲ್ಲಿ ಜೊತೆಗೆ ಕೂತು ಮಾಡುವ ಪರೀಕ್ಷೆ ಇದೆ. ಕೆಲವು ನೂರು ಡಾಲರ್ ಕೈಯಿಂದ ಹೋಗುತ್ತದೆ. ಆದರೆ ಮಗಳ ಮಾತಿಗಿಂತ ಅಪರಿಚಿತರ ವರದಿಯನ್ನು ಅಪ್ಪಂದಿರು ಬೇಗ ಒಪ್ಪುತ್ತಾರೆ. ಸರಕಾರ ತಾನಾಗಿ ಕರೆದು ನೋಡುವ ತನಕ ಕಾಯುವಂತಿಲ್ಲ. ಒಂಟಾರಿಯೊದಲ್ಲಿ ಎರಡು ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಚಿಕ್ಕ ಲಿಖಿತ ಕಸರತ್ತು ಮಾಡಿಸಿ ಲೈಸೆನ್ಸ್ ನವೀಕರಿಸುವ ಕ್ರಮ ಶುರುವಾಗುವುದು ಎಂಬತ್ತಕ್ಕೆ. ನಿಮ್ಮ ತಂದೆಯವರಿಗೆ ಅದಕ್ಕೆ ಇನ್ನೂ ಆರು ವರ್ಷವಿದೆ.

ಕಾನೂನಿನ ಕಡೆ ಒಂದೇ ಒಂದು ಸಂಗತಿಯನ್ನು ಇವತ್ತೇ ನೋಡಿ: ಅವರ ಲೈಸೆನ್ಸ್ ಜಿ2 ದರ್ಜೆಯದೋ ಪೂರ್ಣ ಜಿ ದರ್ಜೆಯದೋ? ಇಳಿವಯಸ್ಸಿನಲ್ಲಿ ಬಂದು ಲೈಸೆನ್ಸ್ ಮಾಡಿಸಿದ ನಮ್ಮವರು ಎಷ್ಟೋ ಮಂದಿ ಜಿ2 ಸಿಕ್ಕಿದ ಮೇಲೆ 'ಓಡಿಸೋಕೆ ಇಷ್ಟು ಸಾಕು' ಎಂದು ಅಲ್ಲೇ ನಿಂತುಬಿಡುತ್ತಾರೆ. ಜಿ2 ಇದ್ದವರು ಕಾನೂನಿನ ಕಣ್ಣಿನಲ್ಲಿ ಕಲಿಯುತ್ತಿರುವ ಚಾಲಕರು, ವಯಸ್ಸು ಹದಿನೆಂಟಿರಲಿ ಎಪ್ಪತ್ತೆಂಟಿರಲಿ. ಅವರಿಗೆ ಶೂನ್ಯ ಸಹನೆ. ರಸ್ತೆಬದಿಯ ಎಂಜಲು ಪರೀಕ್ಷೆಯಲ್ಲಿ ಗಾಂಜಾ ಕಂಡರೆ ಸಾಕು, ಅಮಲು ಇತ್ತೋ ಇಲ್ಲವೋ ಎಂಬ ವಾದಕ್ಕೆ ಅವಕಾಶವೇ ಇಲ್ಲದೆ ಲೈಸೆನ್ಸ್ ಅಲ್ಲೇ ಅಮಾನತು, ಜೊತೆಗೆ ದಂಡ. ಪೂರ್ಣ ಜಿ ಇದ್ದವರಿಗೆ ಇಡೀ ಕೆನಡಾಕ್ಕೆ ಅನ್ವಯಿಸುವ ಅಪರಾಧ ಸಂಹಿತೆಯ ಮಿತಿಗಳು: ಓಡಿಸಿದ ಎರಡು ಗಂಟೆಯೊಳಗೆ ಒಂದು ಮಿಲಿಲೀಟರ್ ರಕ್ತದಲ್ಲಿ 2 ನ್ಯಾನೊಗ್ರಾಂ ಟಿಎಚ್‌ಸಿ ಇದ್ದರೆ ಒಂದು ಅಪರಾಧ, 5 ಅಥವಾ ಹೆಚ್ಚಿದ್ದರೆ ಇನ್ನೂ ದೊಡ್ಡದು. ರಕ್ತದಲ್ಲಿ ನಿಗದಿತ ಮಟ್ಟದ ಮದ್ಯವೂ ಜೊತೆಗಿದ್ದರೆ 2.5 ನ್ಯಾನೊಗ್ರಾಮಿಗೇ ದೊಡ್ಡ ಅಪರಾಧ. ಸಂಖ್ಯೆ ಏನೇ ಇರಲಿ, ಚಾಲನೆ ಕೆಟ್ಟಿದೆ ಎಂದು ಪೊಲೀಸರಿಗೆ ಸಾಬೀತು ಮಾಡಲು ಸಾಧ್ಯವಾದರೆ ಅದು ಪ್ರತ್ಯೇಕ.

ಈ ಸಂಖ್ಯೆಗಳನ್ನು ನಿಮ್ಮ ತಂದೆಯವರು ಸುರಕ್ಷತೆಯ ಅಳತೆ ಎಂದುಕೊಂಡಾರು. ಅವು ಆ ಕೆಲಸಕ್ಕೆ ಬರುವುದಿಲ್ಲ. ಮದ್ಯದಲ್ಲಿ ರಕ್ತದ ಅಂಕಿ ಏರಿದಂತೆ ಚಾಲನೆ ಕೆಡುತ್ತದೆ, ಲೆಕ್ಕ ನೇರ. ಗಾಂಜಾದಲ್ಲಿ ಹಾಗಿಲ್ಲ. ಅವರೇ ಓದಿದ ಆ ಟೊರಾಂಟೊ ಅಧ್ಯಯನದಲ್ಲೂ ರಕ್ತದ ಟಿಎಚ್‌ಸಿಗೂ ಕಾರಿನ ಓಲಾಟಕ್ಕೂ ತಾಳೆ ಬೀಳಲಿಲ್ಲ. ದಿನಾ ಬಳಸುವವರ ರಕ್ತದಲ್ಲಿ ಬಿಟ್ಟು ಎಷ್ಟೋ ದಿನವಾದರೂ ಅಲ್ಪಸ್ವಲ್ಪ ಸಿಗಬಹುದು. ಗಮ್ಮಿ ತಿಂದವರಲ್ಲಿ ರಕ್ತದ ಅಂಕಿ ಸೇದಿದವರಷ್ಟು ಏರುವುದೇ ಇಲ್ಲ, ತಲೆ ಮಾತ್ರ ಭಾರವಾಗಿಯೇ ಇರಬಹುದು. ಹೀಗೆ ಸರಿಯಾಗಿ ಓಡಿಸುತ್ತಿದ್ದವರು ಸಿಕ್ಕಿಬೀಳುವುದೂ ಉಂಟು, ಓಡಿಸಬಾರದ ಸ್ಥಿತಿಯಲ್ಲಿದ್ದವರು ಪಾರಾಗುವುದೂ ಉಂಟು. ಇನ್ನೊಂದು ವಿಚಿತ್ರವೂ ಇದೆ. ಪೊಲೀಸರ ಪರೀಕ್ಷೆಯಲ್ಲಿ ಒಂಟಿಕಾಲಲ್ಲಿ ನಿಲ್ಲುವುದು, ಗೆರೆಯ ಮೇಲೆ ನಡೆದು ತಿರುಗುವುದು ಇರುತ್ತದೆ. ಅರವತ್ತೈದು ದಾಟಿದವರಿಗೆ, ಮಂಡಿ ಬೆನ್ನು ನೋಯುವವರಿಗೆ ಒಂಟಿಕಾಲ ಪರೀಕ್ಷೆ ಕಷ್ಟ ಎಂದು ಅದನ್ನು ರೂಪಿಸಿದ ಅಮೆರಿಕದವರೇ ಒಪ್ಪಿದ್ದಾರೆ. ನಿಮ್ಮ ತಂದೆಯವರ ಮಂಡಿಗೆ ಗಮ್ಮಿ ತಿನ್ನದ ದಿನವೂ ಅದು ಕಷ್ಟವೇ. ಡಬ್ಬಿಯನ್ನು ಕಾರಿನಲ್ಲಿ ಕೈಗೆ ಸಿಗುವಂತೆ ಇಡುವುದಂತೂ ಬೇಡ. ಒಡೆದ ಪ್ಯಾಕೆಟ್ ಹಾಗೆ ಸಿಕ್ಕರೆ ಅದೇ ಒಂದು ಅಪರಾಧ.

ಹಾಗಾದರೆ ಎಷ್ಟು ಹೊತ್ತು ಬಿಡಬೇಕು? ಸೇದುವವರಿಗೆ ಕೆನಡಾದ ತಜ್ಞರ ಮಾರ್ಗಸೂಚಿ ಕನಿಷ್ಠ ಆರು ಗಂಟೆ ಎನ್ನುತ್ತದೆ. ಕೊಲರಾಡೊದ ಆರೋಗ್ಯ ಇಲಾಖೆ 18 ಮಿಲಿಗ್ರಾಮಿಗಿಂತ ಕಡಿಮೆ ತಿಂದವರಿಗೆ ಕನಿಷ್ಠ ಎಂಟು ಗಂಟೆ ಎಂದಿದೆ. ಇವು ಆರೋಗ್ಯವಂತ ವಯಸ್ಕರನ್ನು ಮನಸ್ಸಿನಲ್ಲಿಟ್ಟುಕೊಂಡ ಕೆಳಗಿನ ಗೆರೆಗಳು. ಎಪ್ಪತ್ತನಾಲ್ಕಕ್ಕೆ, ಪ್ರೀಗ್ಯಾಬಲಿನ್ ಜೊತೆಗೆ, ನಾನು ನನ್ನ ಕಡೆಯವರಿಗೆ ಹನ್ನೆರಡು ಗಂಟೆ ಎನ್ನುತ್ತೇನೆ, ಡೋಸ್ ಬದಲಾದ ವಾರದಲ್ಲಿ ಸ್ಟೇರಿಂಗೇ ಬೇಡ ಎನ್ನುತ್ತೇನೆ. ಎರಡೂವರೆ ಮಿಲಿಗ್ರಾಂ, ರಾತ್ರಿ ಎಂಟಕ್ಕೆ ಊಟದ ಜೊತೆ, ನಡುರಾತ್ರಿ ಮತ್ತೆ ಇಲ್ಲ. ಹೀಗಿದ್ದರೆ ಮಾರನೇ ದಿನ ಮಧ್ಯಾಹ್ನ ಮೂರರ ಟ್ರಿಪ್ಪಿಗೆ ನನ್ನ ಆಕ್ಷೇಪ ಇಲ್ಲ, ಎದ್ದ ಮೇಲೆ ತಲೆ ಹಗುರವಾಗಿದ್ದರೆ, ಲೈಸೆನ್ಸ್ ಪೂರ್ಣ ಜಿ ಆಗಿದ್ದರೆ. ಜಿ2 ಆಗಿದ್ದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ಗಮ್ಮಿ, ಇಲ್ಲವೇ ಕಾರು.

ಇದನ್ನೆಲ್ಲ ಬರೆಯುವಾಗ ಇನ್ನೊಂದು ಪ್ರಶ್ನೆ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಗಮ್ಮಿಯಿಂದ ಅವರಿಗೆ ಉಪಯೋಗ ಆಗಿದೆಯೇ? ಮಂಡಿ ಸವೆತದ ನೋವಿಗೆ ಗಾಂಜಾ ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಕೆನಡಾದ ಕುಟುಂಬ ವೈದ್ಯರ 2018ರ ಮಾರ್ಗಸೂಚಿ ಅದಕ್ಕೆ ಜಾಗ ಕೊಟ್ಟಿದ್ದು ಕೆಲವೇ ಸಂದರ್ಭಗಳಲ್ಲಿ: ನರದ ನೋವು, ಕ್ಯಾನ್ಸರಿನ ಕೊನೆಯ ಹಂತದ ನೋವು, ಕೀಮೋಥೆರಪಿಯ ವಾಂತಿ, ಕೆಲವು ಕಾಯಿಲೆಗಳ ಸ್ನಾಯು ಸೆಳೆತ, ಅದೂ ಬೇರೆ ಔಷಧಿ ಸೋತ ಮೇಲೆ. ಕಾಲುರಿ ನರದ ನೋವೇ. ಆದರೆ ಅದಕ್ಕೆ ಅವರು ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿದ್ದಾರೆ, ಡೋಸ್ ಸರಿಮಾಡಿದರೆ ಸಾಕಾಗಬಹುದು. ನಿದ್ದೆಗೆ ಮೊದಮೊದಲು ಹಾಯೆನಿಸುತ್ತದೆ, ದಿನಾ ತಿಂದರೆ ಒಗ್ಗಿಹೋಗಿ ಡೋಸ್ ಏರುತ್ತದೆ. ವರ್ಷದ ಹಿಂದೆ ಎಷ್ಟು ತಿನ್ನುತ್ತಿದ್ದರು, ಈಗೆಷ್ಟು ಎಂದು ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ. ಅಮ್ಮ ತೀರಿಕೊಂಡ ಮೇಲೆ ಬಂದವರು ಎಂದು ಬರೆದಿದ್ದೀರಿ. ರಾತ್ರಿ ಎರಡಕ್ಕೆ ಎದ್ದು ನಿದ್ದೆ ಬಾರದೆ ಕೂತಿರುವ ಮನುಷ್ಯನಿಗೆ ಮಂಡಿಯೇ ನೋಯುತ್ತಿದೆಯೋ, ಬೇರೇನಾದರೂ ನೋಯುತ್ತಿದೆಯೋ ಎಂದು ಗಮ್ಮಿ ಅಂಗಡಿಯವರು ಕೇಳುವುದಿಲ್ಲ.

ಕುಟುಂಬ ವೈದ್ಯರಿಗೆ ಹೇಳಿದರೆ ಲೈಸೆನ್ಸೇ ಹೋಗುತ್ತದೆ ಎಂಬ ಹೆದರಿಕೆಯಿಂದ ಬಹಳ ಮಂದಿ ಮುಚ್ಚಿಡುತ್ತಾರೆ. ಒಂಟಾರಿಯೊದ ವೈದ್ಯರು ಸಾರಿಗೆ ಇಲಾಖೆಗೆ ಕಡ್ಡಾಯವಾಗಿ ತಿಳಿಸಬೇಕಾದ ಸಂಗತಿಗಳಲ್ಲಿ ಹಿಡಿತ ತಪ್ಪಿದ ವ್ಯಸನ, ಅದಕ್ಕೆ ಚಿಕಿತ್ಸೆಯನ್ನೂ ಒಪ್ಪದಿರುವುದು ಸೇರಿದೆ. ರಾತ್ರಿ ಒಂದು ಗಮ್ಮಿ ತಿನ್ನುತ್ತೇನೆ ಎಂದು ಒಬ್ಬರು ತಾವಾಗಿ ಬಂದು ಹೇಳುವುದು ಆ ಪಟ್ಟಿಯಲ್ಲಿಲ್ಲ. ವೈದ್ಯರಿಗಿಂತ ಮುಂಚೆ ಫಾರ್ಮಸಿಸ್ಟರ ಹತ್ತಿರ ಹೋಗುವುದು ಇನ್ನೂ ಸುಲಭ. ಎಲ್ಲ ಮಾತ್ರೆ ಡಬ್ಬಿಗಳನ್ನೂ ಗಮ್ಮಿ ಡಬ್ಬಿಯನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಅಪ್ಪನೇ ಹೋಗಲಿ, ನೀವು ಹೊರಗೆ ಕಾಯಿರಿ. ಮಗಳ ಮುಂದೆ ಹೇಳಲಾಗದ ಎರಡು ಗಂಟೆಯ ಅರ್ಧ ಗಮ್ಮಿಯ ಮಾತು ಅಲ್ಲಿ ಹೊರಬರುತ್ತದೆ.

ಓಡಿಸಬೇಡಿ ಅಂದರೆ ನೊಂದುಕೊಳ್ಳುತ್ತಾರೆ ಎಂದು ಬರೆದಿದ್ದೀರಿ. 'ನೀವು ಓಡಿಸಬೇಡಿ' ಎಂದು ಶುರುಮಾಡಬೇಡಿ. ಈ ಊರಿನಲ್ಲಿ ಕಾರಿಲ್ಲದ ಮುದುಕ ಮನೆಯ ನಾಲ್ಕು ಗೋಡೆಗೆ ಅಂಟಿಹೋಗುತ್ತಾನೆ, ಅವರಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತು. ಅವರು ಲೆಕ್ಕದ ಮನುಷ್ಯರು, ಅಧ್ಯಯನ ಓದಿ ವಾದಿಸುವವರು. ಅದೇ ಅಧ್ಯಯನವನ್ನು ಎದುರಿಗಿಟ್ಟುಕೊಂಡು ಕೂತು, 'ಅಪ್ಪಾ, ಇವರು ಸೇದಿದ್ದು, ನೀವು ತಿನ್ನೋದು. ತಿಂದವರ ಲೆಕ್ಕ ಬೇರೆಯಂತೆ, ನೀವೇ ನೋಡಿ' ಅನ್ನಿ. ಒಂದು ಹಳೆಯ ಡೈರಿ ಕೊಡಿ: ಎಷ್ಟು ಗಂಟೆಗೆ, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ ಎಚ್ಚರ, ಬೆಳಿಗ್ಗೆ ತಲೆ ಹೇಗಿತ್ತು. ಎರಡು ವಾರ ಬರೆದರೆ ಸಾಕು. ಆ ಎರಡು ವಾರ ಬೆಳಗಿನ ಟ್ರಿಪ್ ನಿಮ್ಮದು, ಮಧ್ಯಾಹ್ನದ್ದು ಡೈರಿ ನೋಡಿ. ಎಲ್ಲವನ್ನೂ ಒಟ್ಟಿಗೆ ಕಿತ್ತುಕೊಳ್ಳಬೇಡಿ.

ಮೈಸೂರಿಗೆ ಒಯ್ಯುವ ಮಾತು: ಖಂಡಿತ ಬೇಡ. ಕೆನಡಾದ ಗಡಿ ದಾಟಿಸುವುದೇ ಅಪರಾಧ, ವೈದ್ಯರ ಚೀಟಿ ಇದ್ದರೂ ಅಷ್ಟೇ. ಆ ಕಡೆ ಇಳಿದರೆ ನಮ್ಮ 1985ರ ಮಾದಕವಸ್ತು ಕಾಯ್ದೆ. ಎಲೆಯಿಂದ ಮಾಡಿದ ಭಂಗಿ ಆ ಕಾಯ್ದೆಯ ಗಾಂಜಾ ವ್ಯಾಖ್ಯೆಯ ಹೊರಗಿದೆ ಎಂದು ಯಾರಾದರೂ ಧೈರ್ಯ ಹೇಳಿದರೆ ಕೇಳಬೇಡಿ, ಟಿಎಚ್‌ಸಿ ಸಾರ ಬೆರೆಸಿದ ಮಿಠಾಯಿಯನ್ನು ವಿಮಾನ ನಿಲ್ದಾಣದ ಕಸ್ಟಮ್ಸಿನವರು ಭಂಗಿ ಎಂದು ಒಪ್ಪಿಕೊಂಡು ಕಳಿಸುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಒಮ್ಮೆಲೇ ನಿಲ್ಲಿಸುವುದೂ ಸರಿಯಲ್ಲ. ದಿನಾ ತಿಂದವರು ಥಟ್ಟನೆ ಬಿಟ್ಟರೆ ಮೊದಲ ವಾರ ನಿದ್ದೆ ಇನ್ನೂ ಕೆಡುತ್ತದೆ, ಸಿಡುಕು, ವಿಚಿತ್ರ ಕನಸು, ಎರಡು ಮೂರು ವಾರಕ್ಕೆ ತಿಳಿಯಾಗುತ್ತದೆ. ನವೆಂಬರ್ ಶುರುವಿನಿಂದ ವೈದ್ಯರ ಸಲಹೆಯಂತೆ ಸ್ವಲ್ಪ ಸ್ವಲ್ಪ ಇಳಿಸುತ್ತ ಬಂದರೆ ಹೊರಡುವ ಹೊತ್ತಿಗೆ ಪೂರ್ತಿ ಬಿಟ್ಟಿರಬಹುದು, ವಾಪಸು ಬಂದ ಮೇಲೆ ಮತ್ತೆ ಬೇಕೋ ಬೇಡವೋ ಎಂದು ಅವರೇ ಯೋಚಿಸಲಿ. ಮೈಸೂರಿನ ಮನೆಯಲ್ಲಿ ಹಳೆಯ ಕಾರು ಇನ್ನೂ ನಿಂತಿದ್ದರೆ ಅದರ ಕೀಲಿ ಮೊದಲ ನಾಲ್ಕೈದು ದಿನ ನಿಮ್ಮ ಹತ್ತಿರವೇ ಇರಲಿ. ಹತ್ತೂವರೆ ಗಂಟೆಯ ಸಮಯ ವ್ಯತ್ಯಾಸ, ಮತ್ತೆ ಎಡಬದಿಯ ರಸ್ತೆ, ಎರಡಕ್ಕೂ ಅವರ ತಲೆ ಹೊಂದಿಕೊಳ್ಳಲು ಅಷ್ಟಾದರೂ ದಿನ ಬೇಕು.